ಅಡಿಕೆ ಮೂಟೆ ಇಳಿಸಿ ಮಂಚ ಹತ್ತಿಸುವ ಮುನ್ನ: ಹಂಚಿನ ಮನೆಯ ಅಟ್ಟ ಗಟ್ಟಿಮಾಡುವ ಕ್ರಮ

ಬೇಸಿಗೆ ರಜೆ ಹತ್ತಿರ ಬಂದಂತೆ ಈ ಪ್ರಶ್ನೆ ಹೆಚ್ಚುತ್ತದೆ. ಊರಿನ ಹಳೆ ಮನೆ, ಕೆಳಗೆ ಮೂರೇ ಕೋಣೆ, ಮಕ್ಕಳು ಮೊಮ್ಮಕ್ಕಳು ಬಂದರೆ ಮಲಗಲು ಜಾಗವಿಲ್ಲ. ಮೇಲೆ ನೋಡಿದರೆ ಇಡೀ ಅಟ್ಟ ಖಾಲಿ ಬಿದ್ದಿದೆ. ಅದನ್ನೇ ಕೋಣೆ ಮಾಡಿದರೆ ಹೇಗೆ? ಕೇಳುವವರು ಹೆಚ್ಚಾಗಿ ಒಂದು ವಾದವನ್ನೂ ಜೊತೆಗೇ ತರುತ್ತಾರೆ: "ಅಜ್ಜನ ಕಾಲದಲ್ಲಿ ಇದೇ ಅಟ್ಟದ ಮೇಲೆ ಇಪ್ಪತ್ತು ಮೂಟೆ ಅಡಿಕೆ ಇಡ್ತಿದ್ರು. ನಾಲ್ಕು ಜನ ಮಲಗಿದ್ರೆ ಏನಾಗತ್ತೆ?"

ವಾದ ಕೇಳಲು ಚೆನ್ನಾಗಿದೆ. ಆದರೆ ಅಜ್ಜ ಮೂಟೆಗಳನ್ನು ಗೋಡೆಯ ಬದಿಗೆ ಒಟ್ಟುತ್ತಿದ್ದರು ಎಂಬುದನ್ನು ಮರೆಯುತ್ತೇವೆ. ಗೋಡೆಯ ಪಕ್ಕದ ಭಾರ ನೇರ ಗೋಡೆಗೆ ಇಳಿಯುತ್ತದೆ, ಮರವನ್ನು ಹೆಚ್ಚು ಬಗ್ಗಿಸುವುದಿಲ್ಲ. ಅಲ್ಲದೆ ಮೂಟೆ ಇಟ್ಟಲ್ಲೇ ಇರುತ್ತದೆ. ಮನುಷ್ಯರು ಹಾಗಲ್ಲ, ನಡುವೆ ನಡೆದಾಡುತ್ತಾರೆ, ಮಕ್ಕಳು ಕುಣಿಯುತ್ತಾರೆ, ಮದುವೆಯ ದಿನ ಹನ್ನೆರಡು ಜನ ಒಂದೇ ಕಡೆ ಸೇರಿ ಕಿಟಕಿಯಿಂದ ಅಂಗಳ ನೋಡುತ್ತಾರೆ.

ಇಲ್ಲಿ ಹೇಳುತ್ತಿರುವುದು ಮಲೆನಾಡು ಮತ್ತು ಕರಾವಳಿಯ ಹಂಚಿನ ಮನೆಗಳ ಮರದ ಅಟ್ಟದ ಬಗ್ಗೆ. ಪೇಟೆಯ ಮನೆಗಳಲ್ಲಿ ಅಡುಗೆಮನೆ ಬಾಗಿಲ ಮೇಲೆ ಸಾಮಾನಿಡಲು ಹಾಕಿದ ಕಾಂಕ್ರೀಟ್ ಲಾಫ್ಟ್ ಬೇರೆಯದೇ ವಸ್ತು. ಅದನ್ನು ಮಲಗುವ ಜಾಗ ಮಾಡಲು ಹೋಗಬೇಡಿ, ಅಷ್ಟೇ.

ಮೊದಲು ನಾಲ್ಕು ಹೆಸರು

ಬಡಗಿಯ ಜೊತೆ ಮಾತಾಡುವಾಗ ಗೊಂದಲವಾಗದಿರಲಿ. ಗೋಡೆಯಿಂದ ಗೋಡೆಗೆ ಹಾಕಿದ ದಪ್ಪ ಮರ ತೊಲೆ. ತೊಲೆಯ ಮೇಲೋ, ಗೋಡೆಯ ಮೇಲೆಯೇ ನೇರವಾಗಿಯೋ, ಒಂದೂವರೆ ಎರಡು ಅಡಿಗೊಂದರಂತೆ ಸಾಲಾಗಿ ಕೂತ ಸಣ್ಣ ಮರಗಳು ಜಂತೆ. ಕೆಲವು ಕಡೆ ಜಂತಿ ಎನ್ನುತ್ತಾರೆ. ಜಂತೆಯ ಮೇಲೆ ಹೊಡೆದದ್ದು ಹಲಗೆ, ಬಡವರ ಮನೆಯಾದರೆ ಅಡಿಕೆ ದಬ್ಬೆ. ಎರಡು ಆಧಾರಗಳ ನಡುವಿನ ಖಾಲಿ ದೂರಕ್ಕೆ ಎಂಜಿನಿಯರುಗಳು ಸ್ಪ್ಯಾನ್ ಎನ್ನುತ್ತಾರೆ. ನಾನು ಅಂತರ ಎಂದು ಬರೆಯುತ್ತೇನೆ.

ಭಾರ ಇಳಿಯುವ ದಾರಿ ಹೀಗೆ: ಹಲಗೆಯಿಂದ ಜಂತೆಗೆ, ಜಂತೆಯಿಂದ ತೊಲೆಗೆ, ತೊಲೆಯಿಂದ ಗೋಡೆಗೆ, ಗೋಡೆಯಿಂದ ಪಾಯಕ್ಕೆ. ಹತ್ತರಲ್ಲಿ ಎಂಟು ಜನ ದುಡ್ಡು ಸುರಿಯುವುದು ಹಲಗೆಯ ಮೇಲೆ, ಏಕೆಂದರೆ ಕಣ್ಣಿಗೆ ಕಾಣುವುದು ಅದೊಂದೇ. ಅಟ್ಟ ಕೈಕೊಡುವುದು ಮಾತ್ರ ಸಾಮಾನ್ಯವಾಗಿ ಜಂತೆಯ ನಡುವಿನಲ್ಲಿ ಅಥವಾ ಮರ ಗೋಡೆಯೊಳಗೆ ಹೊಕ್ಕಿರುವ ತುದಿಯಲ್ಲಿ.

ಬೇಕಾದವು

ಅಳತೆ ಟೇಪು, ಮಟ್ಟದ ದಾರ, ಒಳ್ಳೆ ಟಾರ್ಚು, ಮೊನಚಾದ ಸ್ಕ್ರೂಡ್ರೈವರ್, ಸುತ್ತಿಗೆ, ಮೂಗಿಗೆ ಮಾಸ್ಕು. ಸೆಂಟ್ರಿಂಗ್ ಸಾಮಾನು ಬಾಡಿಗೆ ಕೊಡುವಲ್ಲಿಂದ ನಾಲ್ಕೈದು ಕಬ್ಬಿಣದ ಜಾಕಿ. ಹಳೆ ಮರದ ಕೆಲಸ ಗೊತ್ತಿರುವ ಒಬ್ಬ ಆಚಾರಿ. ಕೊನೆಗೆ, ಒಂದು ದಿನದ ಮಟ್ಟಿಗಾದರೂ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್, ಎಂದರೆ ಕಟ್ಟಡ ಹೊರುವ ಭಾರದ ಲೆಕ್ಕ ಮಾಡುವವರು. ಮನೆಯ ಪ್ಲಾನ್ ಬರೆದುಕೊಡುವ ಎಲ್ಲರೂ ಈ ಲೆಕ್ಕ ಮಾಡುವುದಿಲ್ಲ, ಕೇಳಿ ನೋಡಿ. ಅವರ ಫೀಸು ಒಂದು ಜಂತೆಯ ಮರದ ಬೆಲೆಗಿಂತ ಹೆಚ್ಚಾಯಿತೆಂದು ಗೊಣಗುವವರನ್ನು ನೋಡಿದ್ದೇನೆ. ಇಡೀ ಕೆಲಸದಲ್ಲಿ ನಿಜವಾಗಿ ಉಪಯೋಗಕ್ಕೆ ಬರುವ ಖರ್ಚು ಅದು.

ಕಾಲ: ದೀಪಾವಳಿ ಕಳೆದ ಮೇಲೆ ಶುರುಮಾಡಿ, ಯುಗಾದಿಯೊಳಗೆ ಮುಗಿಸಿ. ಮಳೆಗಾಲದಲ್ಲಿ ಮರ ನೀರು ಕುಡಿದು ಉಬ್ಬಿರುತ್ತದೆ. ಆಗ ಬಿಗಿದದ್ದು ಬೇಸಿಗೆಯಲ್ಲಿ ಸಡಿಲವಾಗುತ್ತದೆ.

1. ಎತ್ತರ ಅಳೆಯಿರಿ

ಇದನ್ನು ಮೊದಲಿಗಿಡಲು ಕಾರಣವಿದೆ. ಎತ್ತರ ಸಾಲದಿದ್ದರೆ ಉಳಿದ ಯಾವುದನ್ನೂ ಮಾಡಬೇಕಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ 2.75 ಮೀಟರ್, ಅಂದರೆ 9 ಅಡಿ ಎತ್ತರ ಕೇಳುತ್ತದೆ; ಇಳಿಜಾರು ಮಾಡಾದರೆ, ಎಂದರೆ ಛಾವಣಿಯಾದರೆ, ಸರಾಸರಿ ಅಷ್ಟಿರಬೇಕು. ಹಳೆ ಅಟ್ಟಗಳಲ್ಲಿ ಇದು ಸಿಗುವುದು ಅಪರೂಪ. ನಡೆದಾಡುವ ದಾರಿಯಲ್ಲಿ 7 ಅಡಿಯೂ ಇಲ್ಲದಿದ್ದರೆ ಕೋಣೆಯ ಆಸೆ ಬಿಟ್ಟು ಉಗ್ರಾಣವಾಗಿಯೇ ಇಟ್ಟುಕೊಳ್ಳಿ ಎನ್ನುತ್ತೇನೆ. ಹೊಸ ಹಲಗೆ, ಪ್ಲೈವುಡ್ ಸೇರಿ ಎರಡಿಂಚು ಇನ್ನೂ ಕಮ್ಮಿಯಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎಚ್ಚರ: ತಲೆಗೆ ತಾಗುತ್ತದೆಂದು ಅಡ್ಡತೊಲೆ ಕಡಿಯುವ ಯೋಚನೆ ಇಲ್ಲೇ ಹುಟ್ಟುತ್ತದೆ. ಹಂಚು, ಅದನ್ನು ಹೊತ್ತ ರೀಪು ಪಕ್ಕಾಸು ಮರಗಳ ಭಾರ ಎರಡು ಬದಿಯ ಗೋಡೆಗಳನ್ನು ಹೊರಕ್ಕೆ ದೂಡುತ್ತಿರುತ್ತದೆ. ಅವನ್ನು ಕಟ್ಟಿ ಹಿಡಿದಿರುವುದೇ ಆ ಅಡ್ಡತೊಲೆ. ಕಡಿದ ದಿನ ಏನೂ ಆಗುವುದಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಯ ಮೂಲೆಯಲ್ಲಿ ಬಿರುಕು, ಮಾಡಿನ ನೆತ್ತಿಯಲ್ಲಿ ಬಾಗು.

2. ಖಾಲಿ ಮಾಡಿ, ಮಣ್ಣಿದೆಯೇ ನೋಡಿ

ಹಳೆ ಹಂಡೆ, ತೊಟ್ಟಿಲು, ಹರಿದ ಚಾಪೆ, ಮೂವತ್ತು ವರ್ಷದ ಪಂಚಾಂಗ ಎಲ್ಲ ಇಳಿಸಿ. ಬಾವಲಿ, ಇಲಿಗಳ ಹಿಕ್ಕೆ ಇರುತ್ತದೆ. ಮಾಸ್ಕು ಹಾಕಿ, ನೀರು ಚಿಮುಕಿಸಿ ಗುಡಿಸಿ.

ಕೆಲವು ಮನೆಗಳಲ್ಲಿ ಹಲಗೆಯ ಮೇಲೆ ಮಣ್ಣು ಹಾಸಿ ಸಗಣಿ ಸಾರಿಸಿರುತ್ತಾರೆ. ಕೆಳಗಿನ ಕೋಣೆ ತಂಪಾಗಿರಲಿ, ಮಾಡಿಗೆ ಬೆಂಕಿ ಬಿದ್ದರೂ ಕೆಳಗಿನವರು ಉಳಿಯಲಿ ಎಂಬುದು ಅದರ ಉದ್ದೇಶ. ಜಾಣತನವೇ. ಆದರೆ 3 ಇಂಚು ಒಣಮಣ್ಣು ಚದರ ಮೀಟರಿಗೆ 120 ಕಿಲೋ ಮೀರಿ ತೂಗುತ್ತದೆ. ಅದನ್ನು ತೆಗೆದರೆ ಒಂದು ರೂಪಾಯಿ ಖರ್ಚಿಲ್ಲದೆ ಅಷ್ಟು ಭಾರ ಹೊರುವ ಶಕ್ತಿ ನಿಮ್ಮ ಜಂತೆಗೆ ಮರಳಿ ಬಂದಂತೆ. ಬುಟ್ಟಿಯಲ್ಲಿ ತುಂಬಿ ಇಳಿಸಿ. ಒಂದೇ ಕಡೆ ಗುಡ್ಡೆ ಹಾಕಬೇಡಿ.

3. ಮರದ ನಾಡಿ ಹಿಡಿಯಿರಿ

ಪ್ರತಿ ಜಂತೆಗೂ ಸೀಮೆಸುಣ್ಣದಲ್ಲಿ ಸಂಖ್ಯೆ ಬರೆಯಿರಿ. ಆಮೇಲೆ ಒಂದೊಂದನ್ನೂ ಉದ್ದಕ್ಕೆ ಸುತ್ತಿಗೆಯಿಂದ ತಟ್ಟುತ್ತ ಹೋಗಿ. ಗಟ್ಟಿ ಮರ ಕಣಕಣ ಎನ್ನುತ್ತದೆ, ಒಳಗೆ ಗೆದ್ದಲು ತಿಂದದ್ದು ಡಬಡಬ ಎನ್ನುತ್ತದೆ. ಅನುಮಾನ ಬಂದಲ್ಲಿ ಸ್ಕ್ರೂಡ್ರೈವರ್ ಚುಚ್ಚಿ. ಅರ್ಧ ಇಂಚು ಸಲೀಸಾಗಿ ಒಳಹೋದರೆ ಅಲ್ಲಿ ಮರವಿಲ್ಲ, ಮರದ ಆಕಾರ ಮಾತ್ರ ಇದೆ.

ಹೆಚ್ಚು ಹೊತ್ತು ಕಳೆಯಬೇಕಾದದ್ದು ತುದಿಗಳಲ್ಲಿ. ಗೋಡೆಯೊಳಗೆ ಹೊಕ್ಕ ಭಾಗಕ್ಕೆ ಗಾಳಿಯಿಲ್ಲ, ಮಳೆಗಾಲದಲ್ಲಿ ಗೋಡೆಯ ತೇವವನ್ನೆಲ್ಲ ಅದು ಹೀರುತ್ತದೆ, ಗೆದ್ದಲು ಏರಿ ಬರುವುದೂ ಅದೇ ದಾರಿಯಲ್ಲಿ. ನಡುವೆ ಕಬ್ಬಿಣದಂತಿರುವ ಹಲಸಿನ ಜಂತೆ ತುದಿಯಲ್ಲಿ ರವೆಯಂತೆ ಉದುರುವುದುಂಟು. ತುದಿಯ ಸುತ್ತಲಿನ ಗಾರೆಯನ್ನು ಸ್ವಲ್ಪ ಕೆತ್ತಿ, ಟಾರ್ಚು ಬಿಟ್ಟು ನೋಡಿ. ಮರದ ಕಟ್ಟಡ ಕೆಲಸದ ಭಾರತೀಯ ಮಾನಕ ಐಎಸ್ 883 ಎರಡು ಮಾತು ಹೇಳುತ್ತದೆ: ಗೋಡೆಯ ಮೇಲೆ ಮರ ಕನಿಷ್ಠ 75 ಮಿಲಿಮೀಟರ್, ಅಂದರೆ 3 ಇಂಚು, ಕೂತಿರಬೇಕು, ಆ ಗೂಡಿನಲ್ಲಿ ತುದಿಗೆ ಗಾಳಿಯಾಡಬೇಕು. ಹಾಗಾಗಿ ತಪಾಸಣೆ ಮುಗಿದ ಮೇಲೆ ಸುತ್ತ ಸಿಮೆಂಟ್ ಗಿಡಿದು ಮುಚ್ಚಬೇಡಿ. "ಗಟ್ಟಿಯಾಗಲಿ" ಎಂದು ಮಾಡುವ ಈ ಕೆಲಸವೇ ತುದಿಯನ್ನು ಬೇಗ ಕೊಳೆಸುತ್ತದೆ.

ಗೆದ್ದಲು ಜೀವಂತವಿದ್ದರೆ ಮೊದಲು ಪರವಾನಗಿ ಇರುವವರಿಂದ ಔಷಧ ಹೊಡೆಸಿ, ಆಮೇಲೆ ಮರದ ಕೆಲಸ. ಕರಾವಳಿಯಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ರೂಢಿ ಇದೆ, ಮರಕ್ಕೆ ಒಳ್ಳೆಯದೇ. ಚರ್ಮಕ್ಕೆ ತಾಗಿದರೆ ಸುಟ್ಟ ಗಾಯವಾಗುತ್ತದೆ, ಕೈಗವಸು ಬೇಕು.

4. ಲೆಕ್ಕ

ಈ ಭಾಗವನ್ನು ಹಾರಿಸಬೇಡಿ. ಎಂಟನೇ ಕ್ಲಾಸಿನ ಗಣಿತ ಸಾಕು.

ವಾಸದ ಕೋಣೆಯ ನೆಲ ಚದರ ಮೀಟರಿಗೆ 2 ಕಿಲೋನ್ಯೂಟನ್, ಸುಮಾರು 200 ಕಿಲೋ ಭಾರ ಹೊರಬೇಕೆಂದು ಕಟ್ಟಡದ ಭಾರಗಳ ಮಾನಕ ಐಎಸ್ 875ರ ಎರಡನೇ ಭಾಗ ಹೇಳುತ್ತದೆ. ಇದು ಜನ, ಮಂಚ, ಬೀರು ಇತ್ಯಾದಿಗಳದ್ದು. ಹಲಗೆ ಜಂತೆಗಳ ಸ್ವಂತ ಭಾರ ಬೇರೆ. 10 ಅಡಿಗೆ 12 ಅಡಿಯ ಕೋಣೆಗೆ ಇದು ಸುಮಾರು 2,200 ಕಿಲೋ ಆಗುತ್ತದೆ. "ಅಷ್ಟು ಭಾರ ಯಾರು ಇಡ್ತಾರೆ?" ಎಂದರೆ, ಮೊದಲು ಹೇಳಿದ ಮದುವೆ ಮನೆಯ ಕಿಟಕಿ ನೆನಪಿಸಿಕೊಳ್ಳಿ.

ಒಂದು ಸಾಮಾನ್ಯ ಅಟ್ಟ ತೆಗೆದುಕೊಳ್ಳೋಣ. ಅಂತರ 10 ಅಡಿ, ಜಂತೆಗಳು 2 ಅಡಿಗೊಂದು, ಪ್ರತಿಯೊಂದೂ 3 ಇಂಚು ಅಗಲ 4 ಇಂಚು ಎತ್ತರ, ಒಳ್ಳೆ ಸಾಗುವಾನಿ. ಸ್ವಂತ ಭಾರಕ್ಕೆ ಚದರ ಮೀಟರಿಗೆ 50 ಕಿಲೋ ಸೇರಿಸಿ ಲೆಕ್ಕ ಮಾಡಿದರೆ ಪೂರ್ತಿ ಭಾರ ಬಿದ್ದಾಗ ಜಂತೆ ನಡುವಿನಲ್ಲಿ ಸುಮಾರು 28 ಮಿಲಿಮೀಟರ್ ಜಗ್ಗುತ್ತದೆ. ಐಎಸ್ 883 ಒಪ್ಪುವುದು ಅಂತರದ 240ನೇ ಒಂದು ಭಾಗ, ಇಲ್ಲಿ ಸುಮಾರು 12.7 ಮಿಲಿಮೀಟರ್, ಅರ್ಧ ಇಂಚು. ಕೆಳಗೆ ಜಿಪ್ಸಮ್ ಸೀಲಿಂಗಿನಂಥ ಬಿರುಕು ಬಿಡುವ ವಸ್ತು ಇದ್ದರೆ 360ನೇ ಒಂದು ಭಾಗ ಮಾತ್ರ.

ಅಂದರೆ ಒಳ್ಳೆ ಮರವಾದರೆ ತಕ್ಷಣ ಮುರಿಯದಿರಬಹುದು, ಆದರೆ ಕುಣಿಯುತ್ತದೆ. ನಡೆದಾಗ ಬೀರಿನ ಬಾಗಿಲು ತಾನಾಗಿ ತೆರೆಯುತ್ತದೆ, ಕೆಳಗೆ ಊಟಕ್ಕೆ ಕೂತವರ ತಟ್ಟೆಗೆ ಧೂಳು ಬೀಳುತ್ತದೆ. ಗಟ್ಟಿತನ ಬೇರೆ, ಬಿಗಿತನ ಬೇರೆ. ಅಟ್ಟದ ಕೋಣೆಗಳು ಹೆಚ್ಚಾಗಿ ಸೋಲುವುದು ಎರಡನೆಯದರಲ್ಲಿ.

ಇದೇ ಜಂತೆಗೆ ಏನು ಮಾಡಿದರೆ ಏನಾಗುತ್ತದೆ ನೋಡಿ:

- ನಡುನಡುವೆ ಅಂಥದೇ ಇನ್ನೊಂದೊಂದು ಜಂತೆ ಸೇರಿಸಿ 1 ಅಡಿಗೊಂದು ಮಾಡಿದರೆ ಜಗ್ಗು 14 ಮಿ.ಮೀ. ಮರ ದುಪ್ಪಟ್ಟಾಯಿತು, ಆದರೂ ಪಾಸಾಗಲಿಲ್ಲ.
- ಸಂಖ್ಯೆ ಅಷ್ಟೇ ಇಟ್ಟು 4 ಇಂಚಿನ ಬದಲು 6 ಇಂಚು ಎತ್ತರದ ಜಂತೆ ಹಾಕಿದರೆ 8 ಮಿ.ಮೀ.ಗೆ ಇಳಿಯುತ್ತದೆ.
- ಹಳೆ ಜಂತೆಯ ಪಕ್ಕಕ್ಕೆ 2 ಇಂಚು ಅಗಲ 6 ಇಂಚು ಎತ್ತರದ ಹೊಸ ಮರ ಜೋಡಿಸಿದರೆ 9 ಮಿ.ಮೀ. ಒಳಗೆ.
- ಅಡಿಯಲ್ಲಿ ನಟ್ಟನಡುವೆ ಬಗ್ಗದ ಒಂದು ತೊಲೆ ಕೊಟ್ಟು 10 ಅಡಿ ಅಂತರವನ್ನು 5 ಅಡಿ ಮಾಡಿದರೆ ಜಂತೆಯ ಜಗ್ಗು 2 ಮಿ.ಮೀ.ಗಿಂತ ಕಮ್ಮಿ.

ಮರದ ಎತ್ತರ ದುಪ್ಪಟ್ಟಾದರೆ ಬಿಗಿತನ ಎಂಟು ಪಟ್ಟು. ಅಂತರ ಅರ್ಧವಾದರೆ ಜಗ್ಗು ಹದಿನಾರನೇ ಒಂದು ಭಾಗ. ಅಗಲ ಹೆಚ್ಚಿಸುವುದರಿಂದ ಸಿಗುವುದು ಅಗಲದಷ್ಟೇ. ಜಂತೆಯನ್ನು ಮಲಗಿಸಿ ಹಾಕಬಾರದು, ನಿಲ್ಲಿಸಿ ಹಾಕಬೇಕು ಎಂದು ಹಳೆ ಆಚಾರಿಗಳು ಹೇಳುವುದರ ಕಾರಣ ಇದೇ.

ಈ ಅಂಕಿಗಳು ದಾರಿ ತೋರಿಸಲು ಮಾತ್ರ. ನಿಮ್ಮ ಮರ, ನಿಮ್ಮ ಅಂತರ ಬೇರೆ. ಅಂತಿಮ ಲೆಕ್ಕ ಎಂಜಿನಿಯರಿನದು.

5. ದಾರಿ ಆರಿಸಿ

ಜಂತೆಗಳು ಆರೋಗ್ಯವಾಗಿದ್ದು ಎತ್ತರ ಮಾತ್ರ ಕಮ್ಮಿಯಿದ್ದರೆ *ಪಕ್ಕಜೋಡಣೆ* ಸಾಕು. ಹೊಸ ಮರವನ್ನು ಹಳೆಯದರ ಮೈಗೆ ಒತ್ತಿ, 12 ಮಿ.ಮೀ. ಬೋಲ್ಟ್‌ಗಳನ್ನು ದೊಡ್ಡ ವಾಷರ್ ಹಾಕಿ, ಸುಮಾರು ಒಂದೂವರೆ ಅಡಿಗೊಂದರಂತೆ ಮೇಲೆ ಕೆಳಗೆ ಅಂಕುಡೊಂಕಾಗಿ ಬಿಗಿಯಬೇಕು. ಎರಡರ ಮೇಲ್ಮೈ ಒಂದೇ ಮಟ್ಟದಲ್ಲಿರಲಿ; ಹೊಸದು ಕೆಳಗಡೆ ಇಳಿದು ಕಂಡರೆ ಕಾಣಲಿ. ಮುಖ್ಯವಾದ ಮಾತು, ಹೊಸ ಮರದ ಎರಡೂ ತುದಿ ಗೋಡೆಯ ಮೇಲೆ ಕೂರಲೇಬೇಕು. ಗೋಡೆ ಕೊರೆಯುವ ಸೋಮಾರಿತನದಿಂದ ಒಂದಡಿ ಈಚೆಗೇ ನಿಲ್ಲಿಸುತ್ತಾರೆ. ಆಗ ಹಳೆ ಜಂತೆಯ ಕೊಳೆತ ತುದಿಯೇ ಎರಡರ ಭಾರವನ್ನೂ ಹೊರಬೇಕಾಗುತ್ತದೆ.

ಅಂತರ 12 ಅಡಿ ಮೀರಿದ್ದರೆ ಅಥವಾ ಜಂತೆಗಳನ್ನು ಮುಟ್ಟಲು ಮನಸ್ಸಿಲ್ಲದಿದ್ದರೆ *ನಡುತೊಲೆ*. ಮರದ್ದೂ ಆಗಬಹುದು. ಆದರೆ ಅಷ್ಟು ದೊಡ್ಡ ಒಣಮರ ಈಗ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ನಮ್ಮ ಲೆಕ್ಕದ 10 ಅಡಿಗೆ 12 ಅಡಿಯ ಕೋಣೆಗೆ ಆರಿಂಚಿನ ಕಬ್ಬಿಣದ ಐ-ಬೀಮ್ ಸಾಲುತ್ತದೆ; ಪಟ್ಟಿಯಲ್ಲಿ ಅದರ ಹೆಸರು ಐಎಸ್‌ಎಂಬಿ 150, ಮೀಟರಿಗೆ ಸುಮಾರು 15 ಕಿಲೋ. ನನ್ನ ಒಲವು ಇದರ ಕಡೆಗೇ. ಹಳೆ ಜಂತೆಯೂ ಉಳಿಯುತ್ತದೆ, ಮುಂದೆ ಬೇಡವೆನಿಸಿದರೆ ಬಿಚ್ಚಲೂ ಬರುತ್ತದೆ. ಕೆಳಗಿನ ಕೋಣೆಯಲ್ಲಿ ಕಬ್ಬಿಣ ಕಾಣುತ್ತದೆ ಎನ್ನುವವರು ಹಲಗೆ ಹೊದಿಸಿಕೊಳ್ಳಲಿ.

ಆದರೆ ಇಲ್ಲೊಂದು ಹೊಸ ಜವಾಬ್ದಾರಿ ಬರುತ್ತದೆ. ಜಂತೆಗಳು ಗೋಡೆಯುದ್ದಕ್ಕೂ ಹಂಚಿ ಇಳಿಸುತ್ತಿದ್ದ ಭಾರ ಈಗ ತೊಲೆಯ ಎರಡು ತುದಿಗಳಿಗೆ ಸೇರುತ್ತದೆ. ನಮ್ಮ ಉದಾಹರಣೆಯಲ್ಲಿ ಒಂದೊಂದು ತುದಿಗೆ 850 ಕಿಲೋ ಆಸುಪಾಸು. ಮಣ್ಣಿನ ಗೋಡೆ, ಮಣ್ಣುಗಾರೆಯಲ್ಲಿ ಕಟ್ಟಿದ ಕೆಂಪುಕಲ್ಲಿನ ಗೋಡೆ ಒಂದು ಅಂಗೈ ಅಗಲದಲ್ಲಿ ಅಷ್ಟನ್ನು ತಾಳಲಾರದು. ತುದಿಯ ಅಡಿಗೆ ಬೆಡ್ ಬ್ಲಾಕ್ ಬೇಕು, ಎಂದರೆ ಭಾರ ಹರಡಲು ಹಾಕುವ ಕಾಂಕ್ರೀಟ್ ದಿಮ್ಮಿ. ಗೋಡೆ ತೀರ ಹಳತಾಗಿದ್ದರೆ ತೊಲೆಯ ಎರಡೂ ತುದಿಗೆ ನೆಲದಿಂದಲೇ ಕಂಬ ನಿಲ್ಲಿಸಿ, ಕಂಬದಡಿಗೆ ಪಾಯ ಹಾಕಿಸಿ. ಬಾಗಿಲು, ಕಿಟಕಿಗಳ ನೆತ್ತಿಯ ಮೇಲೆ ತೊಲೆಯ ತುದಿ ಬರಲೇಬಾರದು.

ತುದಿ ಮಾತ್ರ ಕೊಳೆತಿದ್ದರೆ ಇಡೀ ಜಂತೆ ಬದಲಿಸಬೇಕಿಲ್ಲ. ಗೋಡೆಗೆ ಹೊಂದಿಸಿ, ಗಟ್ಟಿ ಮರ ಸಿಗುವಷ್ಟು ಒಳಕ್ಕೆ, ಅಡ್ಡಕ್ಕೊಂದು ಆಧಾರ ತೊಲೆ ಕೊಟ್ಟರೂ ನಡೆಯುತ್ತದೆ.

ಹೊಸ ಮರಕ್ಕೆ ಸಾಗುವಾನಿ, ಮತ್ತಿ, ಹೊನ್ನೆ, ಚೆನ್ನಾಗಿ ಬಲಿತ ಹಲಸು. ಸ್ವಂತ ತೋಟದ್ದೇ ಮರವಾದರೂ ಕಡಿಯುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ಕೇಳಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಕೆಲವು ಜಾತಿಗೆ ವಿನಾಯಿತಿ ಇದೆ, ಎಲ್ಲಕ್ಕಿಲ್ಲ. ಹಳೆ ಮನೆ ಕೆಡವಿದ ಮರ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ: ಒಣಗಿ ಕೂತಿರುತ್ತದೆ, ತಿರುಚುವುದಿಲ್ಲ. ಮೊಳೆಗಳನ್ನು ಕೀಳಿಸಿಯೇ ಗರಗಸಕ್ಕೆ ಕೊಡಿ.

6. ಆನಿಕೆ ಕೊಟ್ಟು ಕೆಲಸ

ಹಳೆ ಜಂತೆಗಳು ಈಗಾಗಲೇ ಸ್ವಲ್ಪ ಬಗ್ಗಿರುತ್ತವೆ. ಬಗ್ಗಿದಲ್ಲೇ ಹೊಸ ಮರ ಬಿಗಿದರೆ ಹೊಸದಕ್ಕೆ ಭಾರವೇ ಸರಿಯಾಗಿ ಸೇರುವುದಿಲ್ಲ. ಅಡಿಯಲ್ಲಿ ಉದ್ದಕ್ಕೊಂದು ಹಲಗೆ ಕೊಟ್ಟು, ಜಾಕಿಗಳನ್ನು ನಿಲ್ಲಿಸಿ, ದಿನಕ್ಕೆ ಕಾಲು ಸುತ್ತು ಅರ್ಧ ಸುತ್ತಿನಂತೆ ಏರಿಸಿ. ಮರ ಚಟಚಟ ಎಂದರೆ ನಿಲ್ಲಿಸಿ. ಎಪ್ಪತ್ತು ವರ್ಷದ ಬಾಗು ಪೂರ್ತಿ ನೇರವಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಕುಣಿತ ನಿಂತು ಬಿಗಿಯಾದರೆ ಸಾಕು. ಜಾಕಿಯ ಬುಡಕ್ಕೂ ಹಲಗೆ ಕೊಡಿ, ಇಲ್ಲವಾದರೆ ಕೆಳಗಿನ ರೆಡಾಕ್ಸೈಡ್ ನೆಲ ಒಡೆಯುತ್ತದೆ.

ಒಮ್ಮೆಗೆ ಎರಡು ಮೂರು ಜಂತೆ ಮಾತ್ರ ಹಿಡಿಯಿರಿ. ಎಲ್ಲ ಮುಗಿದ ಮೇಲೆ ಜಂತೆಗಳ ನಡುವೆ ಅಷ್ಟೇ ಎತ್ತರದ ಮರದ ಅಡ್ಡತುಂಡುಗಳನ್ನು ಬಿಗಿಯಾಗಿ ಕೂರಿಸಿ ಮೊಳೆ ಹೊಡೆಯಿರಿ, ಅಂತರದ ನಟ್ಟನಡುವೆ ಒಂದು ಸಾಲು. ಚಿಲ್ಲರೆ ಕೆಲಸವೆಂದು ಬಿಟ್ಟುಬಿಡುತ್ತಾರೆ. ಒಂದು ಜಂತೆಯ ಮೇಲೆ ಕಾಲಿಟ್ಟಾಗ ಅಕ್ಕಪಕ್ಕದವೂ ಭಾರ ಹಂಚಿಕೊಳ್ಳುವುದು ಈ ತುಂಡುಗಳಿಂದಲೇ.

7. ಮೆಟ್ಟಿಲ ಕಿಂಡಿ

ಏಣಿ ಹೋಗಿ ಮೆಟ್ಟಿಲು ಬರಬೇಕಾದರೆ ಎರಡು ಮೂರು ಜಂತೆ ಕತ್ತರಿಸಲೇಬೇಕು. ಮೊದಲು ಕಿಂಡಿಯ ಎರಡೂ ಬದಿಯ ಜಂತೆಗಳನ್ನು ಜೋಡಿ ಮಾಡಿ, ಕತ್ತರಿಸಿದ ತುದಿಗಳಿಗೆ ಅಡ್ಡಮರವೂ ಜೋಡಿಯಾಗಿಯೇ ಬರಲಿ. ಇದು ಮುಗಿಯುವ ತನಕ ಗರಗಸ ಮುಟ್ಟಬಾರದು. ಮೆಟ್ಟಿಲಿನ ಏರು 19 ಸೆಂಟಿಮೀಟರ್ ಮೀರದಿರಲಿ, ಕಾಲಿಡುವ ಜಾಗ 25ಕ್ಕಿಂತ ಕಮ್ಮಿಯಾಗದಿರಲಿ. ಕಡಿದಾದ ಏಣಿಮೆಟ್ಟಿಲು ಫೋಟೋದಲ್ಲಿ ಚಂದ. ರಾತ್ರಿ ಎರಡು ಗಂಟೆಗೆ ಬಚ್ಚಲಿಗೆ ಇಳಿಯುವ ಅತ್ತೆಯವರನ್ನು ಕೇಳಿ.

8. ವೈರು, ಆಮೇಲೆ ನೆಲ

ಹಲಗೆ ಮುಚ್ಚುವ ಮೊದಲೇ ವೈರಿಂಗ್ ಮುಗಿಸಿ, ಪಿವಿಸಿ ಕೊಳವೆಯೊಳಗೆ. ತೂತು ಕೊರೆಯಬೇಕಾದರೆ ಜಂತೆಯ ಎತ್ತರದ ನಡುಭಾಗದಲ್ಲಿ ಸಣ್ಣದಾಗಿ ಕೊರೆಯಿರಿ. ಜಂತೆಯ ಅಡಿಯಂಚು ಮರ ಅತಿ ಹೆಚ್ಚು ಎಳೆತ ತಿನ್ನುವ ಜಾಗ. ಅಂತರದ ನಡುವೆ ಅಲ್ಲಿ ಕಚ್ಚು ಹಾಕುವ ಎಲೆಕ್ಟ್ರಿಷಿಯನ್ನನ್ನು ಕೂಡಲೇ ಇಳಿಸಿ.

ಹಳೆ ಹಲಗೆ ಚೆನ್ನಾಗಿದ್ದರೆ ಉಳಿಸಿ, ಮೇಲೆ 18 ಅಥವಾ 19 ಮಿ.ಮೀ. ಪ್ಲೈವುಡ್ ಹಾಕಿ. ಐಎಸ್ 710 ಮುದ್ರೆ ಇರುವುದು ನೀರು ತಾಳುವ ಜಾತಿ; ಮಳೆನಾಡಿಗೆ ಅದೇ ಸರಿ. ಶೀಟುಗಳ ಜೋಡಣೆ ಜಂತೆಯ ಮೇಲೆಯೇ ಬರಲಿ, ಮೊಳೆಯ ಬದಲು ಸ್ಕ್ರೂ ಬಳಸಿ, ಮೊಳೆ ಕಿರುಗುಟ್ಟುತ್ತದೆ. ಗೋಡೆಯಂಚಿಗೆ ಕಾಲು ಇಂಚು ಸಂದು ಬಿಡಿ, ಮರ ಉಬ್ಬಲು ಜಾಗ ಬೇಕಲ್ಲ.

ಟೈಲ್ಸ್ ಹಾಕಿಸಬಹುದೇ? ಬೇಡ. ಟೈಲ್ಸಿನ ಕೆಳಗೆ 2 ಇಂಚು ಕಾಂಕ್ರೀಟ್ ಎಂದರೇ ನಮ್ಮ ಕೋಣೆಗೆ 1,300 ಕಿಲೋ ಮೀರುತ್ತದೆ, ಯಾರೂ ಕಾಲಿಡುವ ಮೊದಲೇ. ಮರ ಋತುವಿಗೆ ತಕ್ಕಂತೆ ಅಲ್ಲಾಡುವುದರಿಂದ ಬಿರುಕು ಖಂಡಿತ. ಬಚ್ಚಲನ್ನೂ ಮೇಲೆ ಒಯ್ಯಬೇಡಿ. 500 ಲೀಟರಿನ ಟ್ಯಾಂಕ್ ಎಂದರೆ ಅರ್ಧ ಟನ್, ಜೊತೆಗೆ ಎಂದಾದರೂ ಒಂದು ದಿನ ಸೋರುವ ಪೈಪು.

9. ಪರೀಕ್ಷೆ

ಮಂಚ ಏರಿಸುವ ಮೊದಲು ಒಂದು ದಿನ ಇದಕ್ಕಿಡಿ. ಎಂಜಿನಿಯರ್ ಎದುರಿಗಿದ್ದರೆ ಒಳ್ಳೆಯದು. ಕೆಳಗಿನ ಕೋಣೆಯಲ್ಲಿ ಯಾರೂ ಇರಬಾರದು. ಜಾಕಿಗಳನ್ನು ಜಂತೆಗೆ ತಾಗದಂತೆ ಎರಡಿಂಚು ಕೆಳಗೆ ನಿಲ್ಲಿಸಿಡಿ, ಏನಾದರೂ ಎಡವಟ್ಟಾದರೆ ಹಿಡಿದುಕೊಳ್ಳಲಿ. ಗೋಡೆಯಿಂದ ಗೋಡೆಗೆ ಮಟ್ಟದ ದಾರ ಕಟ್ಟಿ, ನಡು ಜಂತೆಗೂ ದಾರಕ್ಕೂ ಇರುವ ದೂರ ಬರೆದಿಟ್ಟುಕೊಳ್ಳಿ. ಆಮೇಲೆ ಮರಳಿನ ಚೀಲಗಳನ್ನು ಒಂದೊಂದಾಗಿ ಸಮನಾಗಿ ಹರಡುತ್ತ ಚದರ ಮೀಟರಿಗೆ 100 ಕಿಲೋ ತನಕ ಹೋಗಿ, ಒಂದು ರಾತ್ರಿ ಬಿಡಿ. ನಮ್ಮ ಉದಾಹರಣೆಯಂಥ 10 ಅಡಿ ಅಂತರದಲ್ಲಿ ಕಾಲು ಇಂಚಿಗಿಂತ ಹೆಚ್ಚು ಜಗ್ಗಿದ್ದರೆ, ಅಥವಾ ಚೀಲ ಇಳಿಸಿದ ಮೇಲೂ ಜಂತೆ ಮೊದಲಿನ ಜಾಗಕ್ಕೆ ಹೆಚ್ಚುಕಮ್ಮಿ ಮರಳದಿದ್ದರೆ ಎಲ್ಲೋ ಜೋಡಣೆ ಸಡಿಲವಿದೆ. ಮೊದಲು ತುದಿಗಳನ್ನೇ ನೋಡಿ.

ಪಾಸಾದರೆ ಸಾಮಾನು ಏರಿಸಿ. ಬೀರು, ಪುಸ್ತಕದ ಕಪಾಟು ಗೋಡೆಯ ಬದಿಗಿರಲಿ, ಅಜ್ಜನ ಮೂಟೆಗಳ ಹಾಗೆ. ಹೋಂಸ್ಟೇ ಮಾಡುವುದಾದರೆ ಪಂಚಾಯಿತಿ ಮತ್ತು ಪ್ರವಾಸೋದ್ಯಮ ಇಲಾಖೆಯ ಕಾಗದಪತ್ರ ಬೇರೆ ಉಂಟು, ಆ ಕೆಲಸಕ್ಕೂ ಸಮಯ ಇಟ್ಟುಕೊಳ್ಳಿ. ಮುಂದಿನ ಬೇಸಿಗೆಯಲ್ಲಿ ಮರ ಒಣಗಿ ಕುಗ್ಗಿದಾಗ ಪ್ರತಿ ಬೋಲ್ಟನ್ನೂ ಒಮ್ಮೆ ಸ್ಪ್ಯಾನರ್ ಹಾಕಿ ಬಿಗಿಮಾಡಿ. ಅರ್ಧ ಸುತ್ತಾದರೂ ತಿರುಗುತ್ತದೆ.